ಬುನಿಯ ಖಾಲಿ ಸೂಜಿ

ಬುನಿ ತನ್ನ ಎರಡು ಕೈಗಳನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದಳು. ಹೊರಗಿಟ್ಟರೆ ಸುಮ್ಮನಿರುವ ಕೈಗಳಲ್ಲ ಅವು. ಎದುರಿಗೆ ನೆರೆಮನೆಯ ಮಾಲ್ಜಾ ಕಾಲು ಚಾಚಿಕೊಂಡು, ಬಾಯಲ್ಲಿ ಬೇಯಿಸಿದ ಗೆಣಸು ತುಂಬಿಕೊಂಡು, ಬುನಿಯ ಒಬ್ಬಳೇ ಮಗಳ ಮದುವೆಯ ರೇಷ್ಮೆ ಬಟ್ಟೆಯನ್ನು ಹೊಲಿಯುತ್ತಿದ್ದಳು. ಹೊಲಿಯುತ್ತಿದ್ದಳು ಅನ್ನುವುದು ಮರ್ಯಾದೆಯ ಮಾತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಸೂಜಿ ಒಂದು ಕಡೆ, ಬಟ್ಟೆ ಇನ್ನೊಂದು ಕಡೆ ಹೋಗುತ್ತಿತ್ತು.

"ಈ ಸೂಜಿನೇ ಸರಿಯಿಲ್ಲ ಅಕ್ಕಾ. ಮೊಂಡು ಬಿದ್ದಿದೆ," ಅಂದಳು ಮಾಲ್ಜಾ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಸೂಜಿಯನ್ನು ಬೆಳಿಗ್ಗೆ ಬುನಿಯೇ ಆರಿಸಿ ಕೊಟ್ಟಿದ್ದಳು.

"ಸೂಜಿ ನೆಟ್ಟಗೇ ಇದೆ ಕಣೆ. ಬಟ್ಟೆ ನೋಡ್ಕೊಂಡು ಹೊಲಿ, ಬೀದಿ ನೋಡ್ಕೊಂಡಲ್ಲ."

"ಅಯ್ಯೋ, ಅಲ್ನೋಡಿ ಅಲ್ನೋಡಿ, ಮೀನಂಗಡಿಯವಳ ಸೊಸೆ ಮತ್ತೆ ಗಂಟು ಕಟ್ಕೊಂಡು ತವರಿಗೆ ಹೊರಟ್ಲು!"

ಆ ಸೊಸೆ ಬೀದಿ ದಾಟುವಷ್ಟರಲ್ಲಿ ಹೊಲಿಗೆ ಕೆಂಪು ಬಟ್ಟೆಯ ಮೇಲೆ ಒಂದು ಗುಡ್ಡ ಹತ್ತಿ ಒಂದು ಕಣಿವೆ ಇಳಿದಿತ್ತು. ಬುನಿಯ ಕೈ ತಾನಾಗಿ ತೊಡೆಯ ಕೆಳಗಿಂದ ಹೊರಬಂದು ಬಟ್ಟೆಯ ಕಡೆ ಚಾಚಿತು. ಪಟ್ ಎಂದು ಅದರ ಮೇಲೆ ಬಿದಿರಿನ ಅಳತೆಕೋಲು ಬಿತ್ತು.

"ಕೈ!" ಅಂದಳು ಗುಮ್ನೆ.

ಗುಮ್ನೆ ಅಂದರೆ ಬುನಿಯ ಸತ್ತ ಗಂಡನ ಅಕ್ಕ. ಕೆಲಸ ಶುರುವಾದ ದಿನದಿಂದ ಅಳತೆಕೋಲನ್ನು ಮೊಣಕಾಲ ಮೇಲಿಟ್ಟುಕೊಂಡು ಅಡಿಯಲ್ಲಿ ಒಲೆಯ ಬಿಸಿ ಹಾಯುವ ಬೆಚ್ಚನೆಯ ನೆಲದ ಮೂಲೆಯಲ್ಲಿ ಠಿಕಾಣಿ ಹೂಡಿದ್ದಳು. ಬೇರೆಯವರು ಅಳೆಯಲು ಇಟ್ಟುಕೊಳ್ಳುವ ಕೋಲು ಅವಳಿಗೆ ಬುನಿಯನ್ನು ಕಾಯಲು.

ಹೊಲಿಯುತ್ತಿದ್ದುದು ಮದುವಣಗಿತ್ತಿಯ ಹಾಸಿಗೆ ಹೊದಿಕೆಗಳ ಮೇಲೆ ಹೊದಿಸುವ ಬಟ್ಟೆ. ಮೇಲೆ ಕೆಂಪು, ಒಳಗೆ ನೀಲಿ. ಮದುವೆಯ ಹಿಂದಿನ ದಿನ ಹೊರೆಯಾಳು ಅದನ್ನೆಲ್ಲ ಬೆನ್ನಿಗೇರಿಸಿಕೊಂಡು ಬಂದರಿನ ಬೀದಿಯುದ್ದಕ್ಕೂ ಗಂಡಿನ ಮನೆಗೆ ನಡೆಯುತ್ತಾನೆ. ತೊಂಗ್ಯೊಂಗ್ ಎಂಬ ಆ ಬಂದರೂರಿನ ಹೆಂಗಸರು ಒಳಗಿನ ಹಾಸಿಗೆ ಹತ್ತಿಯದೋ ಹುಲ್ಲಿನದೋ ಎಂದು ಕೇಳುವುದಿಲ್ಲ. ಮೇಲಿನ ಬಟ್ಟೆಯ ಅಂಚು ನೋಡಿ ಆ ಮನೆಯ ಯೋಗ್ಯತೆ ಅಳೆಯುತ್ತಾರೆ. ಅಂಚಿನ ಸುತ್ತ ಪೈನ್ ಬೀಜದಂಥ ಸಣ್ಣ ಸಣ್ಣ ಮೊನೆಗಳಿರಬೇಕು. ಬೆರಳ ತುದಿಯಷ್ಟು ರೇಷ್ಮೆ ಚೂರನ್ನು ಮಡಿಸಿ, ಮತ್ತೆ ಮಡಿಸಿ, ಒಂದರ ಪಕ್ಕ ಒಂದರಂತೆ ಹೊಲಿಗೆಯ ನಡುವೆ ಕೂರಿಸಿದರೆ ಆ ಮೊನೆ ಬರುತ್ತದೆ. ಅದನ್ನು ಬೀಜ ಎಂದೇ ಕರೆಯುತ್ತಾರೆ. ಒಂದು ಬೀಜ ವಾಲಿದರೆ ಸಾಲೇ ಹಲ್ಲುದುರಿದ ಬಾಯಿಯಾಗುತ್ತದೆ. ಬಟ್ಟೆಯ ನಡುವೆ ರೇಷ್ಮೆಯಲ್ಲೇ ಮಡಿಸಿದ ಪುಟ್ಟ ಬಾವಲಿ, ಭಾಗ್ಯ ಹಾರಿಕೊಂಡು ಮನೆಗೆ ಬರಲಿ ಅಂತ. ಮಗಳು ಚುನ್ಹಿ ನಡೆಯಲು ಕಲಿತಾಗಿನಿಂದಲೂ ಬುನಿ ಈ ಬಟ್ಟೆಗೆಂದು ರೇಷ್ಮೆ ಚೂರು ಕೂಡಿಡುತ್ತ ಬಂದಿದ್ದಳು.

ಆ ಊರಿನಲ್ಲಿ ಚಳಿಗಾಲ ಬಂದರೆ ದೋಣಿಯ ಗಂಡಸರ ಬೆನ್ನ ಮೇಲಿರುವ ಹತ್ತಿ ತುಂಬಿದ ಅಂಗಿಗಳಲ್ಲಿ ಅರ್ಧಕ್ಕರ್ಧ ಬುನಿ ಹೊಲಿದವು. ಅವಳ ಹೊಲಿಗೆಯ ಸಾಲು ಹಿಡಿದು ಕಣ್ಣು ಮುಚ್ಚಿ ನಡೆಯಬಹುದು ಅನ್ನುತ್ತಿದ್ದರು. ಆದರೆ ಮದುವೆಯ ಬಟ್ಟೆಯನ್ನು ಅವಳ ಮನೆಗೆ ಒಬ್ಬರೂ ತಂದವರಲ್ಲ. ಅದನ್ನು ಹೊಲಿಯುವವಳ ಗಂಡ ಬದುಕಿರಬೇಕು, ಅವಳಿಗೆ ಗಂಡುಮಕ್ಕಳಿರಬೇಕು, ಒಂದು ಕೂಸನ್ನೂ ಅವಳು ಮಣ್ಣಿಗೆ ಕೊಟ್ಟಿರಬಾರದು. ಆ ಬೀದಿಯಲ್ಲಿ ಅಂಥ ಭಾಗ್ಯವಂತೆ ಎಂದರೆ ಮಾಲ್ಜಾ. ಗಂಡ ಗುಂಡುಕಲ್ಲಿನ ಹಾಗಿದ್ದ, ನಾಲ್ಕು ಜನ ಗಂಡುಮಕ್ಕಳು, ಅತ್ತೆ ಮಾವ ಕೂಡ ಇಬ್ಬರೂ ಇದ್ದರು. ಕೈಯಲ್ಲಿ ಕಸುಬೊಂದು ಇರಲಿಲ್ಲ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ.

ಗುಮ್ನೆ ಮೊದಲ ದಿನವೇ ಕಾಯಿದೆ ಹಾಕಿದ್ದಳು. "ನೋಡು ಚುನ್ಹಿಯ ಅಮ್ಮ, ಕತ್ತರಿಸು, ಮಡಿಸು, ಗೆರೆ ಎಳಿ, ಇಸ್ತ್ರಿ ಒತ್ತು, ನಾನು ಬೇಡ ಅನ್ನಲ್ಲ. ಆದ್ರೆ ದಾರ ಹಾಯಿಸಂಗಿಲ್ಲ. ದಾರ ಅಂದ್ರೆ ಆಯುಷ್ಯ. ನಿನ್ನ ಕೈಯಲ್ಲಿ ಅದು ಒಂದ್ಸಲ ಕಿತ್ತು ಹೋಗಿದೆ."

ಬುನಿಯ ಗಂಡ ಮೀನಿಗೆ ಹೋದವನು ಬರಲೇ ಇಲ್ಲ. ಚುನ್ಹಿಯನ್ನು ಆಗಿನ್ನೂ ಬೆನ್ನಿಗೆ ಕಟ್ಟಿಕೊಂಡು ಓಡಾಡುತ್ತಿದ್ದ ಕಾಲ. ಗುಮ್ನೆಗೂ ಇದ್ದದ್ದು ಅವನೊಬ್ಬನೇ ತಮ್ಮ. ತಾನೂ ಒಂದು ಕೂಸನ್ನು ಕಳೆದುಕೊಂಡವಳಾದ್ದರಿಂದ ಗುಮ್ನೆಯೂ ಸೂಜಿ ಹಿಡಿಯುವಂತಿರಲಿಲ್ಲ. ಹೀಗೆ ಹೊಲಿಗೆ ಬಲ್ಲವರಿಬ್ಬರು ಕೈಕಟ್ಟಿ ಕೂತು, ಬಾರದವಳೊಬ್ಬಳು ಹೊಲಿಯುವುದನ್ನು ನೋಡುವ ಕರ್ಮ ಆ ಮನೆಗೆ ಒದಗಿತ್ತು.

ಚುನ್ಹಿ ಇದಕ್ಕೆಲ್ಲ ಸೊಪ್ಪು ಹಾಕುವ ಹುಡುಗಿಯಲ್ಲ. ಮೀನು ಡಬ್ಬಿ ತುಂಬುವ ಕಾರ್ಖಾನೆಯಿಂದ ಸಂಜೆ ಬಂದವಳು ಸೊಟ್ಟ ಸಾಲುಗಳನ್ನು ನೋಡಿ, ಅತ್ತೆ ಗುಮ್ನೆ ಅತ್ತ ಹೋಗುವುದನ್ನೇ ಕಾದು, ತಾಯಿಯನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ಅಮ್ಮಾ, ನಂಗೆ ಯಾರ ಭಾಗ್ಯನೂ ಬೇಡ. ನಿನ್ನ ಹೊಲಿಗೆ ಬೇಕು."

"ಬಾಯ್ಮುಚ್ಚು."

"ಯಾಕೆ ಮುಚ್ಚಲಿ? ಚಿಕ್ಕವಳಿದ್ದಾಗ ನಂಗೆ ಖಾಲಿ ಸೂಜಿ ಕೊಟ್ಟು ಹಳೇ ಬಟ್ಟೆ ಮೇಲೆ ಬರೀ ತೂತು ಹಾಕಿಸ್ತಿದ್ದೆ. ದಾರ ಕೊಡಮ್ಮಾ ಅಂತ ಅತ್ರೂ ಕೊಡ್ಲಿಲ್ಲ. ಮೊದ್ಲು ದಾರಿ, ಆಮೇಲೆ ದಾರ ಅಂತಿದ್ದೆ. ಇಷ್ಟೆಲ್ಲಾ ಕಲಿಸಿದವಳು ಈಗ ಮಾಲ್ಜಾ ಚಿಕ್ಕಮ್ಮನ ಗುಡ್ಡಬೆಟ್ಟ ಹೊದಿಸಿ ಕಳಿಸ್ತೀಯಾ ನನ್ನ?"

"ನಿನ್ನ ಗಂಡ ಆಗೋವ್ನು ದಡದ ಮೇಲೆ ಕೆಲಸ ಮಾಡೋವ್ನಾಗಿದ್ರೆ ಹೊಲಿದುಕೊಡ್ತಿದ್ದೆ ಕಣೆ!" ಎಂದು ಬುನಿ ಕಿರುಚಿದಳು. "ಅವ್ನೂ ದೋಣಿ ಹತ್ತೋವ್ನೇ ತಾನೇ? ನಾಳೆ ಏನಾದ್ರೂ ಆದ್ರೆ ಯಾರ ಕೈ ನೋಡ್ತಾರೆ? ನೀನು ಯಾರ ಕೈ ನೋಡ್ತೀಯಾ?"

ಚುನ್ಹಿ ಎದ್ದು ಹೋದಳು. ಬುನಿಗೆ ಮಗಳ ಮೇಲೆ ಸಿಟ್ಟು, ಅತ್ತಿಗೆಯ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ, ಮಗಳ ಕೇಳಿಕೆಗೆ ಹೂಂ ಅನ್ನಲು ಹಂಬಲಿಸಿ ಹೆದರಿ ಸಾಯುತ್ತಿದ್ದ ತನ್ನ ಮೇಲೇ ಸಿಟ್ಟು. ಮಗಳು ಕಣ್ಣಿಗೆ ಕಾಣದ ಮನೆಗೆ ಹೋಗುತ್ತಾಳೆ. ಜೊತೆಗೆ ತನ್ನ ಕೈ ಕೆಲಸ ಒಂದಿಷ್ಟಾದರೂ ಹೋಗಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಮಾಲ್ಜಾಳ ಕೆಲಸವಂತೂ ದಿನದಿಂದ ದಿನಕ್ಕೆ ನೋಡುವವರ ರಕ್ತ ಕುದಿಸುತ್ತಿತ್ತು. ಕಿಮ್ಚಿ ಉಪ್ಪಿನಕಾಯಿ ತಿಂದ ಬೆರಳಲ್ಲೇ ದಾರ ಹೊಸೆಯುತ್ತಿದ್ದಳು. ನೀಲಿ ಬೀಜದ ಪಕ್ಕ ಹಳದಿ ಬರಬೇಕಾದಲ್ಲಿ ಮತ್ತೆ ನೀಲಿಯನ್ನೇ ತುರುಕುತ್ತಿದ್ದಳು. ಒಂದು ಬದಿಯನ್ನು ಒಂದೇ ದಾರದಲ್ಲಿ ಮುಗಿಸಬೇಕು, ನಡುವೆ ಕಿತ್ತರೆ ಎಲ್ಲ ಬಿಚ್ಚಿ ಮೊದಲಿಂದ ಶುರು. ಮಾಲ್ಜಾ ಬದಿಯ ತುದಿ ಮುಟ್ಟುವ ಹೊತ್ತಿಗೆ ಸರಿಯಾಗಿ ದಾರ ಕೀಳುತ್ತಿದ್ದಳು. ಕಿತ್ತಾಗಲೆಲ್ಲ "ಥೂ, ಎಂಥಾ ದಾರ ತಂದಿದ್ದೀರಿ" ಎಂದು ಲೊಚಗುಟ್ಟುತ್ತಿದ್ದಳು. ಬುನಿ ಬುಟ್ಟಿಗಟ್ಟಲೆ ಬೆಳ್ಳುಳ್ಳಿ ಸುಲಿದಳು. ಸುಲಿಯಲು ಬೆಳ್ಳುಳ್ಳಿ ಉಳಿಯದಿದ್ದಾಗ ನೆರೆಮನೆಯವರದನ್ನೂ ಕೇಳಿ ತಂದು ಸುಲಿದಳು. ಕೈಗಳಿಗೆ ಏನಾದರೂ ಕೊಡಬೇಕಲ್ಲ.

ಮೂರನೆಯ ಬದಿಯನ್ನು ಹಿಡಿದ ದಿನ ಮಾಲ್ಜಾ ಬೆಳಗಿನಿಂದ ಒಂದೇ ಸಮನೆ ಹೊಲಿದಳು. ದಾರ ಕೀಳಲಿಲ್ಲ. ಬೀಜಗಳೂ ಒಂದಿಷ್ಟು ಸಾಲಿಗೆ ಬಂದ ಹಾಗೆ ಕಂಡವು. ಕೊನೆಯ ಗಂಟು ಹಾಕಿ, "ಹೇಗಿದೆ ನನ್ನ ಕೈ?" ಎಂದು ಜಂಬದಿಂದ ಎದ್ದಳು. ಬಟ್ಟೆಯೂ ಅವಳ ಜೊತೆಗೇ ಎದ್ದಿತು. ಬದಿಯುದ್ದಕ್ಕೂ ಅವಳು ಅದನ್ನು ತನ್ನ ಲಂಗಕ್ಕೆ ಸೇರಿಸಿ ಹೊಲಿದುಬಿಟ್ಟಿದ್ದಳು.

ಗುಮ್ನೆಗೇ ನಗು ತಡೆಯಲಾಗಲಿಲ್ಲ. ಮಾಲ್ಜಾ ತಾನೂ ನಗುತ್ತ ಕೋಣೆಯಲ್ಲಿ ಒಂದು ಸುತ್ತು ಸುತ್ತಿದಳು, ಕೆಂಪು ರೇಷ್ಮೆ ಅವಳ ಹಿಂದೆ ಬಾಲದ ಹಾಗೆ ಎಳೆದುಕೊಂಡು ಬಂತು. ಬುನಿ ನಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ, ಒಲೆಯ ಮುಂದೆ ಕೂತು, ಸೌದೆಯೊಂದನ್ನು ಮುರಿದು, ಅದನ್ನೂ ಮತ್ತೆ ಎರಡಾಗಿ ಮುರಿದಳು. ಕಣ್ಣಲ್ಲಿ ನೀರು ಬಂತು. ಹೊಗೆ ಎಂದುಕೊಂಡಳು. ಒಲೆ ಹಚ್ಚಿರಲಿಲ್ಲ.

ಅವಳು ಒಳಗೆ ಬರುವ ಹೊತ್ತಿಗೆ ಮಾಲ್ಜಾಳ ದೊಡ್ಡ ಮಗ ಬಾಗಿಲಲ್ಲಿ ನಿಂತು, ಅಪ್ಪ ಹೆಂಡದಂಗಡಿಯಲ್ಲಿ ಯಾರದೋ ಕಾಲರ್ ಹಿಡಿದಿದ್ದಾನೆ ಎಂದು ಕೂಗಿದ. ಮಾಲ್ಜಾ ಹೇಗೋ ಹೊಲಿಗೆ ಬಿಚ್ಚಿ, ಬಟ್ಟೆ ಎಸೆದು ಓಡಿದಳು. ನಕ್ಕು ನಕ್ಕು ದಣಿದ ಗುಮ್ನೆ ಬೆಳಗಿನ ಬಿಸಿ ಉಳಿದಿದ್ದ ನೆಲಕ್ಕೆ ಬೆನ್ನು ಕೊಟ್ಟು ಗೊರಕೆ ಹೊಡೆಯುತ್ತಿದ್ದಳು. ಅಳತೆಕೋಲು ಅವಳ ಮೊಣಕಾಲಿಂದ ಜಾರಿತ್ತು.

ಕೋಣೆಯಲ್ಲಿ ಬುನಿ, ಬಟ್ಟೆ, ಸೂಜಿ. ಮಧ್ಯಾಹ್ನದ ಬಿಸಿಲು ತೆರೆದ ಬಾಗಿಲಿಂದ ಕೆಂಪು ರೇಷ್ಮೆಯ ಮೇಲೆ ಬಿದ್ದಿತ್ತು.

ಅವಳು ಯೋಚಿಸಲೇ ಇಲ್ಲ ಅಂದರೆ ಸುಳ್ಳಾದೀತು. ಯೋಚಿಸಿದಳು, ಯೋಚಿಸುತ್ತಲೇ ಸೂಜಿಗೆ ದಾರ ಪೋಣಿಸಿದಳು. ಮಾಲ್ಜಾಳ ಸೊಟ್ಟ ತೂತುಗಳನ್ನು ಅಂಚಿನ ಮಡಿಕೆಯೊಳಗೆ ಸೇರಿಸಿ, ಒಂದು ಹೊಲಿಗೆ ಹಾಕಿದಳು. ಆಮೇಲೆ ಕೈ ನಿಲ್ಲಲಿಲ್ಲ. ಬೀಜದ ಪಕ್ಕ ಬೀಜ ಬಂದು ಕೂತವು, ಕೆಂಪು, ಹಸಿರು, ಹಳದಿ, ನೀಲಿ, ಬಿಳಿ. ಉಸಿರಾಡಿದಷ್ಟು ಸಲೀಸಾಗಿ ಸಾಲು ಓಡಿತು. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು. ಬುನಿ ಬಾಯೊಳಗೇ ಏನೋ ಗುನುಗುತ್ತಿದ್ದಳು. ಬದಿಯ ಅರ್ಧ ಮುಗಿಸಿ, ಬಟ್ಟೆಯನ್ನು ದೂರ ಹಿಡಿದು ನೋಡಿದಳು. ಆ ಬೀದಿಯಲ್ಲಿ ಅಷ್ಟು ಚೆಂದದ ಸಾಲು ಯಾರ ಬೆನ್ನ ಮೇಲೂ ಹೋಗಿರಲಿಲ್ಲ.

ಆಗಲೇ ಬಂದರಿನ ಕಡೆಯಿಂದ ದೋಣಿಯೊಂದರ ಕೂಗು ಕೇಳಿಸಿತು. ದಿನಕ್ಕೆ ಹತ್ತು ಸಲ ಕೇಳುವ ಕೂಗು. ಬುನಿ ಬಟ್ಟೆಯನ್ನು ತೊಡೆಯ ಮೇಲಿಳಿಸಿದಳು.

ಇದೆಲ್ಲ ಸುಳ್ಳು ಎಂದು ಅವಳಿಗೆ ಗೊತ್ತಿತ್ತು. ಅವಳ ಮದುವೆಯ ಬಟ್ಟೆ ಹೊಲಿದವಳಿಗೆ ಗಂಡ ಇದ್ದ, ಮನೆ ತುಂಬ ಗಂಡುಮಕ್ಕಳಿದ್ದರು. ಆ ಭಾಗ್ಯದ ದಾರ ಅವಳ ಗಂಡನನ್ನು ದಡಕ್ಕೆ ಎಳೆದು ತರಲಿಲ್ಲ. ಗೊತ್ತಿದ್ದರೂ ಹೆದರಿಕೆ ಹೋಗಬೇಕಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಚುನ್ಹಿ ಬಂದರಿನಲ್ಲಿ, ತಾನು ನಿಂತ ಹಾಗೇ ನಿಂತು, ಬಾರದ ದೋಣಿಯ ದಾರಿ ಕಾಯುವುದನ್ನು ಕಂಡಳು. ಕಣ್ಣಿಗೆ ಕಟ್ಟಿದ ಹಾಗೆ ಕಂಡಳು.

ಹಲ್ಲು ಕಚ್ಚಿಕೊಂಡು ದಾರ ಬಿಚ್ಚಿದಳು. ಹಾಕುವಾಗ ಇದ್ದ ಹಗುರ ಬಿಚ್ಚುವಾಗ ಇರಲಿಲ್ಲ, ಒಂದೊಂದು ಹೊಲಿಗೆಯೂ ತನ್ನ ಚರ್ಮದಿಂದ ಬಂದ ಹಾಗಿತ್ತು. ಥೂ ನನ್ನ ಜನ್ಮಕ್ಕೆ ಎಂದುಕೊಂಡಳು. ಗುಮ್ನೆಯನ್ನು ಬೈದಷ್ಟು ಸುಲಭವಾಗಿ ತನ್ನನ್ನು ಬೈದು ಮುಗಿಸಲು ಆಗಲಿಲ್ಲ. ದಾರ ಎಲ್ಲ ಹೊರಬಂದ ಮೇಲೂ ತೂತುಗಳು ಉಳಿದವು. ಒತ್ತಾಗಿ ನೇಯ್ದ ರೇಷ್ಮೆ ಒಮ್ಮೆ ಚುಚ್ಚಿಸಿಕೊಂಡರೆ ಮರೆಯುವುದಿಲ್ಲ. ಹೊಲಿಯುವವರಿಗೆ ಇದಕ್ಕಿಂತ ನಾಚಿಕೆ ಇನ್ನೊಂದಿಲ್ಲ. ಬುನಿ ಉಗುರಿನಿಂದ ತಿಕ್ಕಿದಳು, ಇಸ್ತ್ರಿಕೋಲನ್ನು ಕೋಣೆಯ ಅಗ್ಗಿಷ್ಟಿಕೆಯ ಕೆಂಡದಲ್ಲಿ ಕಾಯಿಸಿ ಒತ್ತಿದಳು. ತೂತುಗಳು ಹೋಗಲಿಲ್ಲ.

ಮಾಲ್ಜಾ ಬಂದಾಗ ಅವಳ ತುರುಬು ಬಿಚ್ಚಿತ್ತು, ಒಂದು ತೋಳು ಹರಿದಿತ್ತು.

"ಗಂಡ ಬದುಕಿರೋದೇ ಭಾಗ್ಯ ಅಂತಾರಲ್ಲ ಅಕ್ಕಾ, ಆ ಭಾಗ್ಯಾನ ಈಗ ತಾನೇ ಹೆಂಡದಂಗಡಿಯಿಂದ ಹೊತ್ಕೊಂಡು ಬಂದು ಮಲಗಿಸಿದೆ," ಎಂದು ಕುಕ್ಕರಿಸಿದಳು. "ನಾಲ್ಕು ಗಂಡುಮಕ್ಕಳಿದಾವೆ, ಒಬ್ಬನಾದ್ರೂ ಕಾಲು ಹಿಡ್ಕೋಬೇಕಲ್ಲ? ಊರಿಗೆಲ್ಲಾ ನನ್ನ ಭಾಗ್ಯ ಬೇಕು. ಹೊಲಿಯೋಕೆ ಬರಲ್ಲ ಅಂದ್ರೂ ಬಿಡಲ್ಲ. ನಿಜ ಹೇಳ್ಲಾ? ನಂಗೆ ಸೂಜಿ ಅಂದ್ರೇ ಆಗಲ್ಲ."

ಬುನಿ ಮೊದಲ ಸಲ ಅವಳ ಕೈಗಳನ್ನು ನೋಡಿದಳು. ಸಿಂಪಿ ಒಡೆದು ಒಡೆದು ಗಾಯವಾದ, ಊದಿದ ಬೆರಳುಗಳು. ಈ ಕೈಗಳಿಗೆ ತಾನು ಮನಸ್ಸಿನಲ್ಲಿ ಹಾಕಿದ ಶಾಪಗಳು ನೆನಪಾದವು.

"ನೀರು ಕುಡಿ. ಆಮೇಲೆ ಹೊಲಿದ್ರಾಯ್ತು," ಅಂದಳು.

ಮಾಲ್ಜಾ ನೀರು ಕುಡಿದು, ದಾರ ಪೋಣಿಸಿ, ಬೀದಿಯ ಕಡೆ ನೋಡುತ್ತ ಹೊಲಿಯತೊಡಗಿದಳು. ಸ್ವಲ್ಪ ಹೊತ್ತಿಗೆ ಅವಳ ಬಾಯಿ ನಿಂತಿತು. ಬಟ್ಟೆಯ ಮೇಲೆ ಬಗ್ಗಿದಳು.

"ಅಕ್ಕಾ."

"ಏನು?"

"ಸೂಜಿ ತಾನಾಗೇ ಹೋಗ್ತಿದೆ."

ಬುನಿ ಇಣುಕಿ ನೋಡಿದಳು. ಸೂಜಿಯ ಮೊನೆ ರೇಷ್ಮೆಯ ಮೇಲೆ ಜಾರಿ, ತೂತು ಸಿಕ್ಕಲ್ಲಿ ಇಳಿಯುತ್ತಿತ್ತು. ಮಾಲ್ಜಾಳ ಕೈ ಎಲ್ಲೆಲ್ಲೋ ಹೋಗಲು ನೋಡಿದರೂ ಬಟ್ಟೆ ಬಿಡುತ್ತಿರಲಿಲ್ಲ. ದಾರ ಬಿಗಿಯಾಗಿ, ನೆಟ್ಟಗೆ, ಬುನಿ ನಡೆದ ದಾರಿಯಲ್ಲೇ ನಡೆಯಿತು. ಬೀಜಗಳು ಎದ್ದು ನಿಂತವು.

"ನೋಡಿ, ನೋಡಿ! ನಾನೇ ಹೊಲಿದಿದ್ದು!" ಎಂದು ಮಾಲ್ಜಾ ಚಪ್ಪಾಳೆ ತಟ್ಟಿದಳು. ಆ ಸದ್ದಿಗೆ ಗುಮ್ನೆ ಎದ್ದು ಕೂತಳು.

ಬುನಿಗೆ ಹೊಳೆಯಿತು. ಮೊದ್ಲು ದಾರಿ, ಆಮೇಲೆ ದಾರ. ತಾನೇ ಹೇಳಿದ ಮಾತನ್ನು ಮಗಳು ಮುಖಕ್ಕೆ ಹೇಳಿದರೂ ತನ್ನ ತಲೆಗೆ ಹೋಗಿರಲಿಲ್ಲ. ಸೂಜಿಗಳ ಗೂಡಿನಿಂದ ದಪ್ಪನೆಯದೊಂದನ್ನು ಆರಿಸಿಕೊಂಡು, ಬದಿಯ ಉಳಿದ ಅರ್ಧವನ್ನು ಮೊಣಕಾಲ ಮೇಲೆಳೆದುಕೊಂಡು, ಚುಚ್ಚತೊಡಗಿದಳು.

"ಏನೇ ಅದು ಕೈಯಲ್ಲಿ?" ಗುಮ್ನೆ ಅಳತೆಕೋಲಿಗಾಗಿ ತಡಕಾಡಿದಳು.

"ಸೂಜಿ, ಅತ್ತಿಗೆ."

"ಇಡು ಕೆಳಗೆ!"

"ದಾರ ಇಲ್ಲ, ನೋಡಿ." ಬುನಿ ಸೂಜಿಯನ್ನು ಅವಳ ಕಣ್ಣಿನ ಮಟ್ಟಕ್ಕೆ ಹಿಡಿದಳು. "ನೀವು ದಾರ ಹಾಯಿಸ್ಬೇಡ ಅಂದ್ರಿ. ಹಾಯಿಸ್ತಿಲ್ಲ. ಗೆರೆ ಎಳಿ ಅಂದ್ರಿ. ಎಳೀತಿದೀನಿ. ಸೀಮೆಸುಣ್ಣದ ಗೆರೆ ಬದ್ಲು ತೂತಿನ ಗೆರೆ."

"ಮಾತು ತಿರುಚ್ತೀಯೇನೇ?"

"ಹೂಂ, ತಿರುಚ್ತೀನಿ! ಬೆಳ್ಳುಳ್ಳಿ ಸುಲಿದು ಸುಲಿದು ಬೆರಳು ಸುಟ್ಟು ಹೋಗಿದೆ, ಇನ್ನೇನ್ ಮಾಡ್ಲಿ? ಅವಳು ನಿಮ್ಮ ತಮ್ಮನ ಮಗಳು, ನನಗೂ ಮಗಳೇ ಅಲ್ವಾ?" ಇಷ್ಟು ವರ್ಷದಲ್ಲಿ ಅತ್ತಿಗೆಯ ಮುಂದೆ ಬುನಿ ದನಿ ಎತ್ತಿದ್ದು ಇದೇ ಮೊದಲು.

ಗುಮ್ನೆಯ ಮುಖ ಕೆಂಪಾಯಿತು. "ನಾನೇನು ನಿನ್ನ ಮೇಲಿನ ಹಟಕ್ಕೆ ಕಾಯ್ತಿದೀನಾ? ಸಮುದ್ರ ಒಬ್ಬನ್ನ ತಗೊಂಡಿದೆ. ಈ ಹುಡುಗನ್ನೂ ತಗೊಂಡ್ರೆ ನಾನು ಯಾರ ಹತ್ರ ಹೋಗಿ ಕೇಳ್ಲಿ?"

ಮಾಲ್ಜಾ ಬಾಯಿ ಹಾಕಿದಳು, ಅವಳಿಗೆ ಸುಮ್ಮನಿದ್ದು ಗೊತ್ತಿಲ್ಲ.

"ದೊಡ್ಡಕ್ಕಾ, ದಾರ ನಂದು, ಗಂಡ ನಂದು, ನಾಲ್ಕು ಕೆಲಸಗೇಡಿ ಗಂಡುಮಕ್ಕಳೂ ನಂದೇ. ಅಕ್ಕಂದು ಬರೀ ತೂತು. ತೂತಲ್ಲಿ ಏನಿರುತ್ತೆ? ಏನೂ ಇರಲ್ಲ. ಇಲ್ಲದ್ದರಿಂದ ಯಾರಿಗೇನು ಕೇಡು? ನಂಗಂತೂ ಬೇಗ ಮುಗಿದ್ರೆ ಸಾಕು, ಬೆನ್ನು ಬಿದ್ದು ಹೋಗ್ತಿದೆ."

ಗುಮ್ನೆ ಗೋಡೆಯ ಕಡೆ ತಿರುಗಿ ಕೂತು, "ನಾನೇನೂ ನೋಡ್ಲಿಲ್ಲಪ್ಪ," ಅಂದಳು. ಆದರೆ ತಾಸಿಗೊಮ್ಮೆ ತಿರುಗಿ ಸೂಜಿಯಲ್ಲಿ ದಾರ ಇದೆಯೇ ಎಂದು ನೋಡುವುದನ್ನು ಬಿಡಲಿಲ್ಲ.

ಹೀಗೆ ಕೆಲಸ ನಡೆಯಿತು. ಬುನಿ ಮುಂದೆ ಚುಚ್ಚುತ್ತ ಹೋದಳು, ಮಾಲ್ಜಾ ಹಿಂದೆ ದಾರ ಎಳೆಯುತ್ತ ಬಂದಳು. ಆ ಮೇಲೂ ಎಲ್ಲ ಸುಖವಾಗಿತ್ತು ಅಂದುಕೊಳ್ಳಬೇಡಿ. ಮಾಲ್ಜಾ ಒಂದೊಂದು ತೂತು ಹಾರಿಸಿ ಹೋಗುತ್ತಿದ್ದಳು, ಬುನಿ ಹಲ್ಲು ಕಡಿಯುತ್ತಿದ್ದಳು. ಮೊದಲ ಎರಡು ಬದಿಗಳ ಗುಡ್ಡಬೆಟ್ಟ ಹಾಗೇ ಉಳಿದವು. ಬಿಚ್ಚಿ ಮತ್ತೆ ಮಾಡಲು ದಿನ ಇರಲಿಲ್ಲ, ಮಾಲ್ಜಾಳ ಬೆನ್ನೂ ಒಪ್ಪಲಿಲ್ಲ. ಆ ಸೊಟ್ಟ ಸಾಲು ಕಣ್ಣಿಗೆ ಬಿದ್ದಾಗಲೆಲ್ಲ ಬುನಿಗೆ ಮೈ ಉರಿಯುತ್ತಿತ್ತು.

ಕೊನೆಯ ಬದಿ ಮುಗಿದ ಸಂಜೆ ಮಾಲ್ಜಾ ಸೂಜಿಯನ್ನು ದಿಂಬಿಗೆ ಚುಚ್ಚಿ, ಇನ್ನು ಈ ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ಆಣೆ ಇಟ್ಟು ಮನೆಗೆ ಹೋದಳು. ಗುಮ್ನೆ ಒಣಗಲು ಕಟ್ಟಿದ್ದ ಪರ್ಸಿಮನ್ ಹಣ್ಣುಗಳನ್ನು ತೆಗೆಯಲು ಹಿತ್ತಲಿಗೆ ಹೋದಳು. ಬುನಿ ಬಟ್ಟೆಯನ್ನು ಮಡಿಸಲೆಂದು ಎತ್ತಿಕೊಂಡವಳು ಮಡಿಸಲಿಲ್ಲ. ಖಾಲಿ ಸೂಜಿ ತೆಗೆದುಕೊಂಡು, ಬೀಜಗಳ ಸಾಲಿನ ಒಳಮಗ್ಗುಲಿಗೆ, ಕೆಂಪು ನೀಲಿ ಎರಡನ್ನೂ ಹಾಯುವಂತೆ, ಇನ್ನೊಂದು ಸಾಲು ಚುಚ್ಚಿದಳು. ಬಟ್ಟೆಗೆ ಆ ಸಾಲು ಬೇಕಿರಲಿಲ್ಲ. ಬೀಜ ಹಿಡಿಯಲೂ ಅಲ್ಲ, ಅಂಚು ಕೂಡಿಸಲೂ ಅಲ್ಲ. ಅದು ಮಾಲ್ಜಾಳಿಗೆಂದು ಹಾಕಿದ ಗೆರೆಯೂ ಅಲ್ಲ. ದಾರವಿಲ್ಲದ್ದರಿಂದ ಕೀಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಬುನಿ ತನಗೆ ತಿಳಿದಷ್ಟು ಸಣ್ಣದಾಗಿ, ಒತ್ತೊತ್ತಾಗಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೋದಳು.

ಹೊರೆ ಹೊರಡುವ ದಿನ ಅಂಗಳದಲ್ಲಿ ಬೀದಿಯ ಹೆಂಗಸರೆಲ್ಲ ಸೇರಿದ್ದರು. ಹೊರೆಯಾಳು ಕಟ್ಟಿಗೆಯ ಹೊರೆಚೌಕಟ್ಟನ್ನು ಗೋಡೆಗೆ ಒರಗಿಸಿ ಸಿಗರೇಟು ಎಳೆಯುತ್ತಿದ್ದ. ಮಾಲ್ಜಾ ಹೊಸ ಲಂಗ ಉಟ್ಟು ಬಂದಿದ್ದಳು. ಹೆಂಗಸರು ಬಟ್ಟೆಯ ಒಳ್ಳೆಯ ಬದಿಯನ್ನೇ ಎತ್ತಿ ಎತ್ತಿ ನೋಡಿ ಅವಳನ್ನು ಹೊಗಳಿದರು.

"ಮಾಲ್ಜಾ, ನಿನ್ನ ಕೈಯಲ್ಲಿ ಇಷ್ಟು ಕಸುಬು ಇದೆ ಅಂತ ಗೊತ್ತೇ ಇರ್ಲಿಲ್ವಲ್ಲೇ! ಮುಂದಿನ ತಿಂಗಳು ನಮ್ಮ ಹುಡುಗಿದೂ ನೀನೇ ಹೊಲೀಬೇಕು."

ಮಾಲ್ಜಾ ಹೌಹಾರಿ ಬುನಿಯ ಕಡೆ ನೋಡಿದಳು. ಬುನಿ ಕೆಳಗೆ ನೋಡಿದಳು. ತನ್ನ ಕೆಲಸಕ್ಕೆ ಇನ್ನೊಬ್ಬಳು ಹೊಗಳಿಸಿಕೊಳ್ಳುವುದನ್ನು ನಿಂತು ಕೇಳುವುದು, ನುಂಗಿದ ಮುಳ್ಳು ಗಂಟಲಲ್ಲೇ ಉಳಿದ ಹಾಗೆ. ಕೆಮ್ಮಲೂ ಆಗದು.

ಹೊದಿಸುವ ಮೊದಲು ಗುಮ್ನೆ ಬಟ್ಟೆಯನ್ನು ಕೊನೆಯ ಸಲ ಪರೀಕ್ಷಿಸಿದಳು. ಎರಡು ಕೈಯಲ್ಲೂ ಎತ್ತಿ ಬಿಸಿಲಿಗೆ ಹಿಡಿದಳು. ಸೊಟ್ಟ ಬದಿಗಳಿಗೆ ಮೂಗು ಮುರಿದಳು, ನೆಟ್ಟಗಿನ ಬದಿಗಳಿಗೆ ಹೂಂಗುಟ್ಟಿದಳು. ಅಷ್ಟರಲ್ಲಿ ಅವಳ ಕೈ ನಿಂತಿತು. ಬೀಜಗಳ ಒಳಮಗ್ಗುಲಲ್ಲಿ ಬೆಳಕಿನ ಸಣ್ಣ ಸಣ್ಣ ಚುಕ್ಕೆಗಳು, ಒಂದರ ಹಿಂದೊಂದು, ಒಂದೂ ಹೆಚ್ಚುಕಮ್ಮಿಯಿಲ್ಲದೆ ಬದಿಯ ತುದಿಯವರೆಗೂ ಹೋಗಿದ್ದವು.

"ಇಲ್ಲೊಂದು ಸಾಲು ಬಿಟ್ಟು ಹೋಗಿದೆಯಲ್ಲೇ ಮಾಲ್ಜಾ. ತೂತಿದೆ, ದಾರ ಇಲ್ಲ."

ಅಂಗಳದ ಹೆಂಗಸರು ಕತ್ತು ಚಾಚಿದರು. ಬುನಿ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಅಂಗಿಯ ತೋಳೊಳಗೆ ತುರುಕಿಕೊಂಡಳು.

"ಅಯ್ಯೋ, ನಂಗೆ ಕಾಣಿಸ್ಲೇ ಇಲ್ಲ," ಎಂದು ಮಾಲ್ಜಾ ಪೇಚಾಡಿದಳು. "ಸೂಜಿ ಕೊಡಿ, ಈಗ್ಲೇ ಎಳೆದು ಬಿಡ್ತೀನಿ."

ಚುನ್ಹಿ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದಳು. ಇಳಿದು ಬಂದು ಅತ್ತೆಯ ಪಕ್ಕ ನಿಂತಳು. ಬೆರಳನ್ನು ಆ ಚುಕ್ಕೆಗಳ ಮೇಲಿಟ್ಟು, ಒಂದು ತುದಿಯಿಂದ ಮೆಲ್ಲಗೆ ಎಳೆದುಕೊಂಡು ಹೋದಳು. ಹಳೇ ಬಟ್ಟೆಯ ಮೇಲೆ ಅತ್ತು ಅತ್ತು ತೂತು ಹಾಕಿದ ಬೆರಳು ಅದು. ಬದಿಯ ಕೊನೆ ಮುಟ್ಟಿದ ಮೇಲೂ ಅವಳು ಬೆರಳು ತೆಗೆಯಲಿಲ್ಲ, ತಾಯಿಯ ಕಡೆ ತಿರುಗಲೂ ಇಲ್ಲ.

"ದಾರ ಬೇಡ ಚಿಕ್ಕಮ್ಮಾ," ಅಂದಳು. "ಈ ಸಾಲು ಮುಗಿದಿದೆ."

ಗುಮ್ನೆ ಚುನ್ಹಿಯನ್ನು ನೋಡಿದಳು, ಆಮೇಲೆ ಬುನಿಯನ್ನು. ಬುನಿ ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತಳು. ಗುಮ್ನೆ ಬೈಯಲಿಲ್ಲ. ಬಟ್ಟೆಯನ್ನು ಕೆಳಗಿಳಿಸಿ, ಆ ಚುಕ್ಕೆಗಳ ಬದಿ ಹೊರಗೆ ಕಾಣದ ಹಾಗೆ, ಚುನ್ಹಿ ಮಲಗುವ ಹಾಸಿಗೆಗೆ ತಾಗುವಂತೆ ಒಳಕ್ಕೆ ಮಡಿಸಿದಳು. ಬೀದಿಗೆ ಕಾಣುವ ಕಡೆಗೆ ಮಾಲ್ಜಾಳ ಗುಡ್ಡಬೆಟ್ಟವೇ ಬಂತು.

"ನಿಂತ್ಕೊಂಡು ಏನ್ ನೋಡ್ತೀಯಾ ಚುನ್ಹಿಯ ಅಮ್ಮ? ಆ ಕಡೆ ಹಿಡ್ಕೋ," ಅಂದಳು. "ಹೊರೆಯವನಿಗೆ ಹೊತ್ತಾಯ್ತು."

ಬುನಿ ಕೈಗಳನ್ನು ಹೊರತೆಗೆದು ಆ ಕಡೆ ಹಿಡಿದಳು.